ಕಾಸು ಕಮ್ಮಿ, ಕಳೆ ಜಾಸ್ತಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲದ ಪತ್ರಗಳ ಕಟ್ಟು ಬಿಚ್ಚಿ ಕೂತರೆ ಬಹಳಷ್ಟು ಪತ್ರಗಳಲ್ಲಿ ಒಂದೇ ಮಾತು. ಮನೆಗೆ ಕಳೆಯಿಲ್ಲ, ಕೈಯಲ್ಲಿ ದುಡ್ಡು ಜಾಸ್ತಿ ಇಲ್ಲ, ಏನು ಮಾಡಲಿ? ಮನೆಯಷ್ಟೇ ಅಲ್ಲ, ಅಂಗನವಾಡಿ, ಅಪಾರ್ಟ್‌ಮೆಂಟಿನ ಮೆಟ್ಟಿಲು, ಮದುವೆ ಚಪ್ಪರದ ಬಗ್ಗೆಯೂ ಕೇಳಿದ್ದೀರಿ. ತಮ್ಮದಲ್ಲದ ಗೋಡೆಯ ಬಗ್ಗೆಯೂ ಯೋಚನೆ ಮಾಡುವವರು ಇದ್ದಾರಲ್ಲ ಅಂತ ನನಗೆ ತುಂಬಾ ಖುಷಿಯಾಯಿತು. ಎಂಟು ಪತ್ರ ಆರಿಸಿದ್ದೇನೆ. ಎಲ್ಲರಿಗೂ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಅಂಗಡಿಗೆ ಹೋಗುವ ಮುಂಚೆ ಒಂದು ಭಾನುವಾರ ಪೂರ್ತಿ ಆ ಜಾಗ ಖಾಲಿ ಮಾಡಿ, ಗುಡಿಸಿ, ತೊಳೆದು, ಸುಮ್ನೆ ನೋಡಿ. ಅರ್ಧ ಪಟ್ಟಿ ಅಲ್ಲೇ ಕಡಿಮೆಯಾಗುತ್ತದೆ.

ಪ್ರಶ್ನೆ: ಅಕ್ಕ, ಹಳೇ ವಠಾರದ ಮನೆಗೆ ಬಾಡಿಗೆಗೆ ಬಂದು ಆರು ತಿಂಗಳಾಯಿತು. ಹಾಲ್ ರೈಲು ಡಬ್ಬಿ ಥರ ಉದ್ದಕ್ಕಿದೆ. ಒಂದೇ ಕಿಟಕಿ, ಹಗಲಲ್ಲೂ ಲೈಟ್ ಬೇಕು. ಓನರ್ ಮೊಳೆ ಹೊಡೆಯಬೇಡಿ, ಬಣ್ಣ ಬದಲಾಯಿಸಬೇಡಿ ಅಂತ ಕಟ್ಟುನಿಟ್ಟಾಗಿ ಹೇಳಿದ್ದಾರೆ. 3,000 ರೂಪಾಯಿ ಎತ್ತಿಟ್ಟಿದ್ದೇನೆ. ಏನಾದರೂ ಆಗುತ್ತದಾ?
— ಅಗ್ರಹಾರ, ಮೈಸೂರು

ಉತ್ತರ: ಖಂಡಿತ ಆಗುತ್ತದೆ ತಂಗಿ. ನಿನ್ನ ತೊಂದರೆ ಬಣ್ಣದ್ದಲ್ಲ, ಬೆಳಕಿನದು. ಮೊದಲು ಆ ಒಂದು ಕಿಟಕಿಯ ಹತ್ತಿರ ಹೋಗು. ಸೊಳ್ಳೆ ಪರದೆ ಬಿಚ್ಚಿ ಸೋಪು ನೀರಿನಲ್ಲಿ ತೊಳೆ, ಗಾಜು ಒರೆಸು, ಕಿಟಕಿ ಕಟ್ಟೆಯ ಮೇಲೆ ಇಟ್ಟಿರುವ ಡಬ್ಬಿ, ದೇವರ ಎಣ್ಣೆ ಬಾಟಲಿ, ಹಳೇ ಪೇಪರ್ ಎಲ್ಲ ತೆಗೆ. ವರ್ಷಗಟ್ಟಲೆ ಕೂತ ಧೂಳು ಎಷ್ಟು ಬೆಳಕು ತಿನ್ನುತ್ತಿತ್ತು ಅಂತ ಆಮೇಲೆ ಗೊತ್ತಾಗುತ್ತದೆ. ದಪ್ಪ ಕರ್ಟನ್ ಇದ್ದರೆ ತೆಗೆದು, ಅಮ್ಮನ ತಿಳಿ ಬಣ್ಣದ ಹಳೇ ಕಾಟನ್ ಸೀರೆ ಕತ್ತರಿಸಿ ಹೊಲಿದು ಹಾಕು. ಬೀದಿಯವರಿಗೆ ಒಳಗಿನದು ಕಾಣುವುದಿಲ್ಲ, ಬೆಳಕು ಮಾತ್ರ ಒಳಗೆ ಬರುತ್ತದೆ.

ಆಮೇಲೆ ಒಂದು ದೊಡ್ಡ ಕನ್ನಡಿ. ಹೊಸದು ಬೇಡ. ಗುಜರಿ ಅಂಗಡಿಯಲ್ಲಿ ಹಳೇ ಡ್ರೆಸ್ಸಿಂಗ್ ಟೇಬಲಿನ ಕನ್ನಡಿ ಸಿಗುತ್ತದಾ ನೋಡು. ಕಿಟಕಿಯ ಪಕ್ಕದ ಗೋಡೆಗೆ, ಬೆಳಕು ಬೀಳುವ ಹಾಗೆ ನೆಲದ ಮೇಲಿಟ್ಟು ಒರಗಿಸು. ಮಕ್ಕಳಿರುವ ಮನೆಯಾದರೆ ಜಾರದ ಹಾಗೆ ಕೆಳಗೆ ಭಾರದ ಮಣೆ ಒತ್ತಿಟ್ಟು, ಮೇಲ್ಭಾಗವನ್ನು ಕಿಟಕಿ ಸರಳಿಗೆ ದಾರದಲ್ಲಿ ಬಿಗಿ.

ರಾತ್ರಿಗೆ ಮೇಲಿನ ಒಂದು ಟ್ಯೂಬ್‌ಲೈಟ್ ಸಾಲದು. ಅದು ಇಡೀ ಹಾಲನ್ನು ಆಸ್ಪತ್ರೆ ವಾರ್ಡ್ ಥರ ಮಾಡುತ್ತದೆ. ಎರಡು ಮೂಲೆಯಲ್ಲಿ ಕೆಳಮಟ್ಟದಲ್ಲಿ ಒಂದೊಂದು ಹಳದಿ ಬೆಳಕಿನ ಎಲ್‌ಇಡಿ ಬಲ್ಬ್ ಇಡು. ಡಬ್ಬಿಯ ಮೇಲೆ 2700 ಅಥವಾ 3000 ಕೆ ಅಂತ ಇದ್ದರೆ ಅದು ಹಳದಿ, 6500 ಇದ್ದರೆ ನೀಲಿ ಛಾಯೆಯ ಬಿಳಿ. ಈ ಅಂಕಿ ನೋಡದೆ ಬಲ್ಬ್ ತಂದು ಬೇಜಾರು ಮಾಡಿಕೊಂಡವರು ತುಂಬಾ ಜನ ಇದ್ದಾರೆ.

ಮೊಳೆಯ ಚಿಂತೆ ಬಿಡು. ಹಳೇ ಮನೆಗಳ ಗೋಡೆಯಲ್ಲಿ ಗೂಡು ಇರುತ್ತದೆ, ತೊಲೆಯಲ್ಲಿ ಉಯ್ಯಾಲೆಯ ಕೊಂಡಿ ಇರುತ್ತದೆ. ನಿನ್ನ ಮನೆಯಲ್ಲೂ ಇದ್ದರೆ ಗೂಡಿನಲ್ಲಿ ಹಿತ್ತಾಳೆ ಚೊಂಬು ಇಟ್ಟು ಒಂದು ಬಳ್ಳಿ ಬಿಡು. ಕೊಂಡಿಗೆ ಹಗ್ಗ ಕಟ್ಟಿ ಬಿದಿರಿನ ಬುಟ್ಟಿ ದೀಪ ತೂಗುಹಾಕು. ಬುಟ್ಟಿಗೆ ಬಂಬೂ ಬಜಾರ್ ಕಡೆ ಹೋಗಿ ನೋಡು. ಇನ್ನು ರೈಲು ಡಬ್ಬಿ ಹಾಲಿಗೆ ಒಂದು ಉಪಾಯ: ಎಲ್ಲ ಸಾಮಾನನ್ನೂ ಗೋಡೆಗೆ ಅಂಟಿಸಿ ಇಡಬೇಡ. ಒಂದು ಪುಸ್ತಕದ ಕಪಾಟನ್ನು ಅಡ್ಡಕ್ಕೆ ನಿಲ್ಲಿಸಿ ಹಾಲನ್ನು ಎರಡು ಜಾಗ ಮಾಡು, ಒಂದರಲ್ಲಿ ಕೂರುವುದು, ಇನ್ನೊಂದರಲ್ಲಿ ಓದುವುದು. ಒಂದೊಂದು ಚಾಪೆ ಹಾಸಿದರೆ ಸಾಕು.

ಪ್ರಶ್ನೆ: ನಮ್ಮದು 35 ವರ್ಷದ ಮನೆ. ಮಲಗುವ ರೂಮಿನ ಒಂದು ಗೋಡೆಯಲ್ಲಿ ನೆಲದಿಂದ ಎರಡು ಮೂರು ಅಡಿವರೆಗೆ ಬಣ್ಣ ಉಬ್ಬಿ ಉದುರುತ್ತದೆ, ಬಿಳಿ ಪುಡಿ ಬರುತ್ತದೆ. ಪ್ರತಿ ವರ್ಷ ಪುಟ್ಟಿ ಹಾಕಿಸಿ ಸಾಕಾಗಿದೆ. ಇಟ್ಟಿಗೆ ಡಿಸೈನಿನ ಸ್ಟಿಕ್ಕರ್ ಶೀಟ್ ಅಂಟಿಸಿ ಮುಚ್ಚಿಬಿಡೋಣವಾ?
— ವಿದ್ಯಾರಣ್ಯಪುರಂ, ಮೈಸೂರು

ಉತ್ತರ: ದಯವಿಟ್ಟು ಬೇಡ. ನಮ್ಮ ಚಿಕ್ಕಮ್ಮನ ಮನೆಯಲ್ಲಿ ಇದೇ ಕೆಲಸ ಮಾಡಿದ್ದೆವು. ಅಂಗಡಿಯವರು "ಹತ್ತು ವರ್ಷ ಏನೂ ಆಗಲ್ಲ" ಅಂತ ಹೇಳಿ ಅಂಟಿಸಿ ಹೋದರು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಮೂಲೆ ಎದ್ದು ಬಂತು, ಎಳೆದು ನೋಡಿದರೆ ಹಿಂದೆಲ್ಲ ಕಪ್ಪು ಬೂಷ್ಟು. ಚಿಕ್ಕಮ್ಮನಿಗೆ ಆ ವರ್ಷವೆಲ್ಲ ಕೆಮ್ಮು ಯಾಕೆ ಬಿಡಲಿಲ್ಲ ಅಂತ ಅವತ್ತಿನಿಂದ ನನ್ನ ಮನಸ್ಸು ಕೊರೆಯುತ್ತಲೇ ಇದೆ. ತೇವ ಇರುವ ಗೋಡೆ ಉಸಿರಾಡಬೇಕು. ಸ್ಟಿಕ್ಕರ್ ಅದರ ಮೂಗು ಮುಚ್ಚುತ್ತದೆ.

ನೀರು ಎಲ್ಲಿಂದ ಬರುತ್ತಿದೆ ಅಂತ ಮೊದಲು ಹುಡುಕಿ. ಮೇಲಿನಿಂದ ಇಳಿದ ಕಲೆ ಕಂಡರೆ ತಾರಸಿ. ಒಂದೇ ಕಡೆ ದುಂಡಗೆ ಕಲೆ ಇದ್ದರೆ ಗೋಡೆಯೊಳಗಿನ ಪೈಪು. ನೀವು ಬರೆದ ಹಾಗೆ ನೆಲದಿಂದ ಎರಡು ಮೂರು ಅಡಿ ಮಾತ್ರ ಇದ್ದರೆ, ದೀಪದ ಬತ್ತಿ ಎಣ್ಣೆ ಎಳೆದುಕೊಳ್ಳುವ ಹಾಗೆ ಇಟ್ಟಿಗೆ ನೆಲದ ನೀರು ಎಳೆದುಕೊಳ್ಳುತ್ತಿದೆ. ಆ ನೀರಿನ ಜೊತೆ ಉಪ್ಪು ಬರುತ್ತದೆ, ನೀರು ಆರಿದ ಮೇಲೆ ಉಪ್ಪು ಮಾತ್ರ ಉಳಿದು ಬಣ್ಣವನ್ನು ತಳ್ಳುತ್ತದೆ. ನಿಮ್ಮ ಬಿಳಿ ಪುಡಿ ಅದೇ. ಒಂದು ಪರೀಕ್ಷೆ ಮಾಡಿ. ಅಡಿ ಅಗಲದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಾಕಿ ಗೋಡೆಗೆ ಅಂಟಿಸಿ ಎರಡು ದಿನ ಬಿಡಿ. ಗೋಡೆಯ ಕಡೆ ಹನಿ ಕಟ್ಟಿದರೆ ತೇವ ಗೋಡೆಯೊಳಗಿನದು. ನಿಮ್ಮ ಕಡೆಗಿರುವ ಮೇಲ್ಮೈ ಮೇಲೆ ಹನಿ ಕಂಡರೆ ರೂಮಿನಲ್ಲಿ ಗಾಳಿ ಆಡುತ್ತಿಲ್ಲ ಅಂತ ಅರ್ಥ.

ಗೋಡೆಯೊಳಗಿನದು ಅಂತಾದರೆ ಮನೆಯ ಹೊರಗೆ ಹೋಗಿ ಆ ಗೋಡೆಯ ಹಿಂದೆ ಏನಿದೆ ನೋಡಿ. ಹೂವಿನ ಪಾತಿ ಇದೆಯಾ, ಬಚ್ಚಲ ನೀರು ನಿಲ್ಲುತ್ತದಾ, ರಸ್ತೆ ಎತ್ತರಿಸಿ ಎತ್ತರಿಸಿ ಮಣ್ಣು ಒಳಗಿನ ನೆಲಕ್ಕಿಂತ ಮೇಲೆ ಬಂದಿದೆಯಾ? ಹಳೇ ಬಡಾವಣೆಗಳಲ್ಲಿ ಈ ಕೊನೆಯದು ಜಾಸ್ತಿ. ಮಣ್ಣು ತೆಗೆದು, ನೀರು ಗೋಡೆಯಿಂದ ದೂರ ಹರಿಯುವ ಹಾಗೆ ಇಳಿಜಾರು ಮಾಡಿಸಿ. ನಿಮ್ಮ ದುಡ್ಡಿನ ದೊಡ್ಡ ಭಾಗ ಇಲ್ಲೇ ಹೋಗಲಿ, ಚಿಂತೆಯಿಲ್ಲ.

ಆಮೇಲೆ ಅಲಂಕಾರದ ಮಾತು. ಬಣ್ಣ, ಪುಟ್ಟಿ ಪೂರ್ತಿ ಕೆರೆದು ಗಾರೆ ಕಾಣುವವರೆಗೆ ಬಿಡಿಸಿ, ಬೇಸಿಗೆಯಲ್ಲಿ ಒಂದೆರಡು ತಿಂಗಳು ಹಾಗೇ ಒಣಗಲು ಬಿಡಿ. ಮೇಲೆ ನಮ್ಮ ಅಜ್ಜಿಯರ ಕಾಲದ ಸುಣ್ಣ ಬಳಿಯಿರಿ. ನಾನು ಇದನ್ನು ಹಳೇ ಕಾಲದ ಮೋಹಕ್ಕೆ ಹೇಳುತ್ತಿಲ್ಲ. ಸುಣ್ಣ ಗೋಡೆಯ ತೇವ ಹೊರಗೆ ಹೋಗಲು ಬಿಡುತ್ತದೆ, ಬೂಷ್ಟಿಗೆ ಅದು ಆಗಿಬರುವುದಿಲ್ಲ, ಬೆಲೆಯೂ ಕಡಿಮೆ. ಸುಣ್ಣವನ್ನು ಹಿಂದಿನ ರಾತ್ರಿಯೇ ನೀರಿನಲ್ಲಿ ಹಾಕಿ. ಸುಟ್ಟ ಸುಣ್ಣವಾದರೆ ಕೊತಕೊತ ಕುದಿಯುತ್ತದೆ, ಮಕ್ಕಳನ್ನು ದೂರ ಇಡಿ, ಪ್ಲಾಸ್ಟಿಕ್ ಬಕೆಟ್ ಬೇಡ, ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸ್ ಇರಲೇಬೇಕು. ಬೆಳಿಗ್ಗೆ ಹಳೇ ಪಂಚೆಯಲ್ಲಿ ಸೋಸಿ, ಹಾಲಿನ ಹದಕ್ಕೆ ತೆಳು ಮಾಡಿ, ಸ್ವಲ್ಪ ಗೋಂದು ಸೇರಿಸಿ. ಗೋಡೆಗೆ ನೀರು ಚಿಮುಕಿಸಿ ಒಂದು ಸಲ ಮೇಲಿಂದ ಕೆಳಕ್ಕೆ, ಆರಿದ ಮೇಲೆ ಇನ್ನೊಂದು ಸಲ ಅಡ್ಡಕ್ಕೆ, ಹೀಗೆ ಮೂರು ಸಲ. ಹಸಿಯಿದ್ದಾಗ ಏನೂ ಬಳಿದಿಲ್ಲ ಅನ್ನಿಸುತ್ತದೆ. ಆರಿದ ಮೇಲೆ ಬೆಳ್ಳಗಾಗುತ್ತದೆ, ಹೆದರಬೇಡಿ.

ಕೊನೆಗೆ ನೆಲದ ಪಕ್ಕ ಅಡಿ ಎತ್ತರಕ್ಕೆ, ಅದೇ ಸುಣ್ಣಕ್ಕೆ ರೆಡ್ ಆಕ್ಸೈಡ್ ಪುಡಿ ಬೆರೆಸಿ ಒಂದು ಕೆಮ್ಮಣ್ಣು ಬಣ್ಣದ ಪಟ್ಟೆ ಎಳೆಯಿರಿ. ಬಿಳಿ ಗೋಡೆ, ಕೆಂಪು ಪಟ್ಟೆ. ನಿಮ್ಮ ಇಟ್ಟಿಗೆ ಸ್ಟಿಕ್ಕರಿಗಿಂತ ನೂರು ಪಾಲು ಚೆಂದ. ಮಂಚ, ಬೀರುವನ್ನು ಆ ಗೋಡೆಯಿಂದ ನಾಲ್ಕು ಇಂಚು ದೂರ ಇಡುವುದನ್ನು ಮರೆಯಬೇಡಿ.

ಪ್ರಶ್ನೆ: ನಮ್ಮೂರ ಯುವಕರ ಗುಂಪಿನಲ್ಲಿ ಗಣಪತಿ ಹಬ್ಬದ ಚಂದಾ ಹಣ 12,000 ರೂಪಾಯಿ ಉಳಿದಿದೆ. ಊರ ಅಂಗನವಾಡಿ ಮತ್ತು ಪಕ್ಕದ ಅರಳಿಕಟ್ಟೆಯನ್ನು ಚೆಂದ ಮಾಡಬೇಕು ಅಂತ ಆಸೆ. ಕೆಲವರು ಅಂಗನವಾಡಿಗೆ ಕಾರ್ಟೂನ್ ಬರೆಸೋಣ ಅನ್ನುತ್ತಾರೆ, ಕೆಲವರು ಕಟ್ಟೆಗೆ ಟೈಲ್ಸ್ ಅನ್ನುತ್ತಾರೆ. ದಾರಿ ತೋರಿಸಿ ಮೇಡಂ.
— ಮದ್ದೂರು ತಾಲ್ಲೂಕು

ಉತ್ತರ: ನಿಮ್ಮ ಪತ್ರ ಓದಿ ಮನಸ್ಸು ತುಂಬಿತು ತಮ್ಮಂದಿರಾ. ಉಳಿದ ದುಡ್ಡನ್ನು ಮಕ್ಕಳ ಕಡೆ ತಿರುಗಿಸಿದ್ದೀರಿ. ಅದಕ್ಕೇ ಉದ್ದಕ್ಕೆ ಬರೆಯುತ್ತೇನೆ.

ಅಂಗನವಾಡಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಕೆಳಗೆ ಬರುತ್ತದೆ. ಹಾಗಾಗಿ ಮೊದಲು ಕಾರ್ಯಕರ್ತೆಯ ಹತ್ತಿರ ಕೂತು ಮಾತಾಡಿ, ಅವರ ಮೂಲಕ ಮೇಲ್ವಿಚಾರಕಿಗೆ ತಿಳಿಸಿ, ಪಂಚಾಯಿತಿಗೂ ಒಂದು ಅರ್ಜಿ ಕೊಡಿ. ಇದು ಬರೀ ಕಾನೂನಿನ ಮಾತಲ್ಲ. ಯಾವ ಮೂಲೆಯಲ್ಲಿ ಮಗು ಮಲಗುತ್ತದೆ, ಯಾವ ಗೋಡೆಗೆ ಬಿಸಿಲು ಬರುತ್ತದೆ, ಎಲ್ಲಿ ಹೆಂಚು ಸೋರುತ್ತದೆ ಅಂತ ದಿನವೂ ಅಲ್ಲಿರುವ ಆ ಅಕ್ಕನಿಗೆ ಗೊತ್ತು. ಸೋರುತ್ತಿದ್ದರೆ ಮೊದಲ ದುಡ್ಡು ಅಲ್ಲಿಗೆ.

ಆಮೇಲೆ ಅಳತೆ. ಉದಾಹರಣೆಗೆ ರೂಮು 20 ಅಡಿ ಉದ್ದ, 15 ಅಡಿ ಅಗಲ ಅಂತ ಇಟ್ಟುಕೊಳ್ಳಿ. ಸುತ್ತಳತೆ 70 ಅಡಿ. ಗೋಡೆ 9 ಅಡಿ ಎತ್ತರ ಇದ್ದರೆ 630 ಚದರ ಅಡಿ. ಬಾಗಿಲು ಕಿಟಕಿಗೆ 80 ಕಳೆದರೆ 550. ಒಂದು ಲೀಟರ್ ಎಮಲ್ಷನ್ ಬಣ್ಣ ಎರಡು ಸಲ ಬಳಿಯಲು ಹೆಚ್ಚುಕಡಿಮೆ 50ರಿಂದ 60 ಚದರ ಅಡಿ ಬರುತ್ತದೆ ಅಂತ ಹಿಡಿಯಿರಿ. ಹತ್ತು ಲೀಟರಿನ ಒಂದು ಡಬ್ಬಿ, ಮೇಲೊಂದು ಲೀಟರ್ ಇದ್ದರೆ ಸಾಕು. ಅಳತೆ ಇಲ್ಲದೆ ಅಂಗಡಿಗೆ ಹೋದರೆ ಇಪ್ಪತ್ತು ಲೀಟರ್ ತರುತ್ತೀರಿ. ಬಣ್ಣಬಣ್ಣದ ಡಬ್ಬಿ ಬೇಡ, ಪೂರ್ತಿ ಬಿಳಿ ತನ್ನಿ. ಜೊತೆಗೆ ಕೆಂಪು, ಹಳದಿ, ನೀಲಿ, ಕಪ್ಪು ಸ್ಟೈನರಿನ ಚಿಕ್ಕ ಬಾಟಲಿಗಳು. ಬಿಳಿಗೆ ಸ್ವಲ್ಪ ಸ್ವಲ್ಪ ಬೆರೆಸಿ ಬೇಕಾದ ಬಣ್ಣ ನೀವೇ ಮಾಡಿಕೊಳ್ಳಬಹುದು.

ಒಂದು ಎಚ್ಚರಿಕೆ, ಇದನ್ನು ದಯವಿಟ್ಟು ಸೀರಿಯಸ್ಸಾಗಿ ತೆಗೆದುಕೊಳ್ಳಿ. ಕಿಟಕಿ ಸರಳು, ಬಾಗಿಲಿನ ಹಳೇ ಎನಾಮಲ್ ಬಣ್ಣದಲ್ಲಿ ಸೀಸ ಇರಬಹುದು. ನಮ್ಮ ದೇಶದಲ್ಲಿ ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ ಹತ್ತು ಲಕ್ಷ ಭಾಗದಲ್ಲಿ 90 ಭಾಗ ಮೀರಬಾರದು ಅನ್ನುವ ನಿಯಮ ಜಾರಿಗೆ ಬಂದಿದ್ದೇ 2017ರ ನವೆಂಬರಿನಲ್ಲಿ. ಅದಕ್ಕಿಂತ ಹಳೇ ಬಣ್ಣವನ್ನು ಒಣಗಿದ್ದಾಗ ಉಜ್ಜಿದರೆ ಆ ಧೂಳು ಮಕ್ಕಳ ಕೈಗೆ, ಬಾಯಿಗೆ ಹೋಗುತ್ತದೆ, ಅವರ ಮೆದುಳಿನ ಬೆಳವಣಿಗೆಗೇ ಪೆಟ್ಟು ಬೀಳುತ್ತದೆ. ಹಾಗಾಗಿ ಒದ್ದೆ ಮಾಡಿ ವಾಟರ್ ಪೇಪರಿನಲ್ಲಿ (ಒದ್ದೆಯಲ್ಲೇ ಉಜ್ಜುವ ಮರಳು ಕಾಗದ) ಹಗುರವಾಗಿ ಉಜ್ಜಿ, ಕೆಳಗೆ ಪ್ಲಾಸ್ಟಿಕ್ ಹಾಸಿ, ಮೂಗಿಗೆ ಮಾಸ್ಕ್ ಹಾಕಿ, ಕೆಲಸ ಮುಗಿದ ಮೇಲೆ ಎರಡು ಸಲ ಒದ್ದೆ ಬಟ್ಟೆಯಲ್ಲಿ ನೆಲ ಒರೆಸಿ. ಸಾಲು ರಜೆ ಇರುವಾಗ ಮಾಡಿ, ಬಣ್ಣದ ವಾಸನೆ ಹೋಗುವವರೆಗೆ ಮಕ್ಕಳು ಒಳಗೆ ಬರುವುದು ಬೇಡ.

ಇನ್ನು ಚಿತ್ರ. ಟಿವಿಯ ಕಾರ್ಟೂನ್ ಯಾಕೆ? ನಿಮ್ಮ ತಾಲ್ಲೂಕಿನಲ್ಲೇ ಕೊಕ್ಕರೆ ಬೆಳ್ಳೂರು ಇದೆ. ಹುಣಸೆ ಮರದ ಮೇಲೆ ಗೂಡು ಕಟ್ಟುವ ಬಣ್ಣದ ಕೊಕ್ಕರೆ, ಕೊಕ್ಕಿನ ಕೆಳಗೆ ಚೀಲ ಇರುವ ಹೆಜ್ಜಾರ್ಲೆ, ಅವುಗಳನ್ನು ಮನೆ ಮಕ್ಕಳ ಹಾಗೆ ನೋಡಿಕೊಳ್ಳುವ ಊರು. ಆ ಹಕ್ಕಿಗಳನ್ನೇ ಬರೆಯಿರಿ. ಕೊಕ್ಕರೆಗೆ ಬಿಳಿ ಮೈ, ಹಳದಿ ಕೊಕ್ಕು, ಕಪ್ಪು ಪಟ್ಟೆ, ಬಾಲದ ಹತ್ತಿರ ಸ್ವಲ್ಪ ಗುಲಾಬಿ. ನಿಮ್ಮ ನಾಲ್ಕು ಬಾಟಲಿಯಲ್ಲೇ ಎಲ್ಲ ಬಣ್ಣ ಬರುತ್ತದೆ. ಇನ್ನೊಂದು ಗೋಡೆಗೆ ಮಳವಳ್ಳಿ ಕಡೆಯ ಬಂಡೂರು ಕುರಿ, ಹಳ್ಳಿಕಾರ್ ಎತ್ತು, ರಾಗಿ ತೆನೆ, ಕಬ್ಬಿನ ಜಲ್ಲೆ. ಮಗು ಮನೆಗೆ ಹೋಗಿ "ನಮ್ಮ ಕುರಿ ಅಲ್ಲಿ ಗೋಡೆ ಮೇಲಿದೆ" ಅನ್ನಬೇಕು.

ಚಿತ್ರ ಬರೆಯಲು ಬರುವುದಿಲ್ಲ ಅಂತ ಹೆದರಬೇಡಿ. ಕಾಗದದ ಮೇಲಿನ ಚಿತ್ರಕ್ಕೆ ಒಂದೊಂದು ಇಂಚಿನ ಚೌಕ ಎಳೆಯಿರಿ. ಗೋಡೆಯ ಮೇಲೆ, ಗಾರೆ ಕೆಲಸದವರು ಮಾಡುವ ಹಾಗೆ ಬಣ್ಣದ ಪುಡಿ ಹಚ್ಚಿದ ದಾರ ಬಿಗಿಹಿಡಿದು ಹೊಡೆದು ಅರ್ಧ ಅಡಿಯ ಚೌಕಗಳನ್ನು ಮಾಡಿ. ಒಂದು ಚೌಕದಲ್ಲಿ ಇರುವುದನ್ನು ಇನ್ನೊಂದು ಚೌಕಕ್ಕೆ ಇಳಿಸುತ್ತಾ ಹೋಗಿ. ಚುಕ್ಕಿ ರಂಗೋಲಿ ಹಾಕುವ ಹೆಣ್ಣುಮಕ್ಕಳನ್ನು ಕರೆಯಿರಿ, ನಿಮಗಿಂತ ಬೇಗ ಮುಗಿಸುತ್ತಾರೆ. ಒಂದೇ ಹೂವು, ಎಲೆ ಪದೇಪದೇ ಬರಬೇಕಾದರೆ ಹಳೇ ಎಕ್ಸ್‌ರೇ ಶೀಟು ಕತ್ತರಿಸಿ ಅಚ್ಚು ಮಾಡಿಕೊಳ್ಳಿ, ಸ್ಪಂಜಿನಲ್ಲಿ ಒತ್ತುತ್ತಾ ಹೋದರೆ ಆಯಿತು.

ಎಲ್ಲಕ್ಕಿಂತ ಮುಖ್ಯ, ಚಿತ್ರ ಕೆಳಗೆ ಬರಲಿ. ಅಲ್ಲಿಗೆ ಬರುವುದು ಮೂರರಿಂದ ಆರು ವರ್ಷದ ಮಕ್ಕಳು. ಅವರ ಕಣ್ಣು ಮೂರು ಅಡಿ ಎತ್ತರದಲ್ಲಿರುತ್ತದೆ. ದೊಡ್ಡವರು ಬರೆಸಿದ ಚಿತ್ರಗಳೆಲ್ಲ ಆರು ಅಡಿಯ ಮೇಲೆ ಇರುವುದನ್ನು ನಾನು ಎಷ್ಟೋ ಕಡೆ ನೋಡಿದ್ದೇನೆ, ತುಂಬಾ ಬೇಜಾರಾಗುತ್ತದೆ. ನೆಲದಿಂದ ಒಂದು ಅಡಿ ಬಿಟ್ಟು ಮೂರು ಅಡಿವರೆಗೆ ಒಂದು ಗೋಡೆ ಪೂರ್ತಿ ಬ್ಲ್ಯಾಕ್‌ಬೋರ್ಡ್ ಪೇಂಟ್ ಬಳಿಯಿರಿ. ಮಕ್ಕಳು ಬಳಪ ಹಿಡಿದು ಮನಸ್ಸಿಗೆ ಬಂದದ್ದು ಗೀಚಲಿ. ಬಾಗಿಲ ಪಕ್ಕ ಟೇಪು ಹಿಡಿದು ಸರಿಯಾಗಿ ಅಳೆದು ಎತ್ತರದ ಪಟ್ಟಿ ಬರೆಯಿರಿ, ಕಾರ್ಯಕರ್ತೆಗೂ ಉಪಯೋಗ. ಅಕ್ಷರ ಬರೆಯುವಾಗ ಒಬ್ಬ ಮೇಷ್ಟ್ರನ್ನು ನಿಲ್ಲಿಸಿಕೊಳ್ಳಿ, ಗೋಡೆಯ ಮೇಲಿನ ತಪ್ಪು ಎಷ್ಟೋ ವರ್ಷ ಮಕ್ಕಳ ಕಣ್ಣಿಗೆ ಬೀಳುತ್ತದೆ. ದಾನಿಗಳ ಹೆಸರಿನ ಬೋರ್ಡು ಬೇಡ. ಆ ಜಾಗದಲ್ಲಿ ಇನ್ನೊಂದು ಹಕ್ಕಿ ಬರಲಿ.

ಅರಳಿಕಟ್ಟೆಗೆ ಟೈಲ್ಸ್ ಖಂಡಿತ ಬೇಡ. ಮಳೆಯಲ್ಲಿ ಜಾರುತ್ತದೆ, ಬಿಸಿಲಲ್ಲಿ ಕಾಯುತ್ತದೆ. ಬುಡದವರೆಗೂ ಸಿಮೆಂಟ್ ಹಾಕಿದರೆ ಬೇರಿಗೆ ನೀರು, ಗಾಳಿ ಎರಡೂ ಇಲ್ಲ. ಬುಡದ ಸುತ್ತ ಮೂರು ಅಡಿಯಾದರೂ ಮಣ್ಣು ಬಿಡಿ. ಕಟ್ಟೆಯ ಕಲ್ಲು ಕದಲಿದ್ದರೆ ಕೂರಿಸಿ, ಹೊರಮೈಗೆ ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿಯಿರಿ. ನಾಗರಕಲ್ಲಿಗೆ ಎನಾಮಲ್ ಬಣ್ಣ ಬಳಿಯಬೇಡಿ, ಕೆತ್ತನೆ ಮುಚ್ಚಿಹೋಗುತ್ತದೆ. ನೀರಿನಲ್ಲಿ ತೊಳೆದರೆ ಸಾಕು.

ಲೆಕ್ಕ ಹೀಗಿಟ್ಟುಕೊಳ್ಳಿ: ರಿಪೇರಿಗೆ 4,000, ಬಣ್ಣ ಬ್ರಷ್ಷಿಗೆ 5,000, ಕಟ್ಟೆಗೆ 1,000. ಉಳಿದ 2,000 ಮುಟ್ಟಬೇಡಿ. ಮುಂದಿನ ಯುಗಾದಿಗೆ ಉದುರಿದ ಕಡೆ ಮತ್ತೆ ಬಳಿಯಲು ಅದು ಬೇಕಾಗುತ್ತದೆ. ಯಾರು ಬಳಿಯುತ್ತೀರಿ ಅಂತ ಇವತ್ತೇ ಹೆಸರು ಬರೆದಿಡಿ.

ಪ್ರಶ್ನೆ: ಈ ವರ್ಷ ಅತ್ತೆಯವರು ಪಟ್ಟದ ಗೊಂಬೆ ನನ್ನ ಕೈಗೆ ಕೊಟ್ಟಿದ್ದಾರೆ. ನಮ್ಮದು ಚಿಕ್ಕ ಫ್ಲ್ಯಾಟ್. ಸ್ಟ್ಯಾಂಡ್ ಕೊಳ್ಳಲು ದುಡ್ಡಿಲ್ಲ. ದಸರಾ ಗೊಂಬೆ ಹೇಗೆ ಕೂರಿಸಲಿ?
— ಸರಸ್ವತಿಪುರಂ, ಮೈಸೂರು

ಉತ್ತರ: ಸ್ಟ್ಯಾಂಡ್ ಬಂದಿದ್ದು ಈಚೆಗೆ. ನಮ್ಮ ಅಜ್ಜಿ ಟ್ರಂಕು, ಹಿಟ್ಟಿನ ಡಬ್ಬ, ದಪ್ಪ ಪುಸ್ತಕ ಜೋಡಿಸಿ ಮೇಲೆ ಬಿಳಿ ಪಂಚೆ ಹಾಸುತ್ತಿದ್ದರು. ಮೆಟ್ಟಿಲು ಬೆಸ ಸಂಖ್ಯೆಯಲ್ಲಿ ಇದ್ದರಾಯಿತು, ನಿಮಗೆ ಮೂರು ಸಾಕು. ರಾಜ ರಾಣಿ ಮೇಲಿರಲಿ. ಆ ಮರದ ಗೊಂಬೆಗಳಿಗೆ ಹೊಸ ಬಣ್ಣ ಬಳಿಯಬೇಡಿ, ಹಳೇ ರೇಷ್ಮೆ ಸೀರೆಯ ಅಂಚಿನಿಂದ ಹೊಸ ಬಟ್ಟೆ ಹೊಲಿದು ಉಡಿಸಿ. ಮಣ್ಣಿನ ಗೊಂಬೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಬಣ್ಣವೇ ಬಂದುಬಿಡುತ್ತದೆ, ಮೆತ್ತನೆ ಬ್ರಷ್ಷಿನಲ್ಲಿ ಧೂಳು ತೆಗೆಯಿರಿ.

ಪಾಡ್ಯಕ್ಕೆ ಹತ್ತು ದಿನ ಮುಂಚೆ ಎರಡು ತಟ್ಟೆಯಲ್ಲಿ ಮಣ್ಣು ಹಾಕಿ ರಾಗಿ ಚೆಲ್ಲಿ, ದಿನಾ ನೀರು ಚಿಮುಕಿಸಿ. ಗೊಂಬೆ ಕೂರಿಸುವ ಹೊತ್ತಿಗೆ ಹಸಿರು ಪಾರ್ಕು ತಯಾರು. ಬೆಂಕಿಪೊಟ್ಟಣದಲ್ಲಿ ಜಂಬೂ ಸವಾರಿ ಮಾಡುವ ಕೆಲಸ ಮಕ್ಕಳಿಗೆ ಬಿಡಿ. ಕುಪ್ಪಣ್ಣ ಪಾರ್ಕಿನ ಫಲಪುಷ್ಪ ಪ್ರದರ್ಶನಕ್ಕೆ ಕರೆದುಕೊಂಡು ಹೋಗಿ ಬನ್ನಿ, ಅವರಿಗೇ ಐಡಿಯಾ ಬರುತ್ತದೆ.

ಪ್ರಶ್ನೆ: ತಾತ ಕಟ್ಟಿಸಿದ ಮನೆಯ ಕೆಂಪು ರೆಡ್ ಆಕ್ಸೈಡ್ ನೆಲ ಮಂಕಾಗಿದೆ, ಅಲ್ಲಲ್ಲಿ ಬಿರುಕು. ಎಲ್ಲರೂ ಟೈಲ್ಸ್ ಹಾಕಿಸಿ ಅನ್ನುತ್ತಿದ್ದಾರೆ.
— ಮಂಡ್ಯ

ಉತ್ತರ: ಹಾಕಿಸಬೇಡಿ, ಕೈಮುಗಿದು ಕೇಳುತ್ತೇನೆ. ಅಂಥ ನೆಲ ಹಾಕುವ ಕೈಗಳೇ ಈಗ ಕಡಿಮೆ. ಮೊದಲು ಆಸಿಡ್, ಫಿನಾಯಿಲ್ ನಿಲ್ಲಿಸಿ. ಸೋಪಿನ ಬಿಸಿನೀರಿನಲ್ಲಿ ತೆಂಗಿನ ನಾರು ಹಿಡಿದು ಉಜ್ಜಿ, ಹಳೇ ಎಣ್ಣೆ ಜಿಡ್ಡು ತೆಗೆಯಿರಿ. ಬಿರುಕಿಗೆ ಸಿಮೆಂಟ್ ಜೊತೆ ರೆಡ್ ಆಕ್ಸೈಡ್ ಪುಡಿ ಕಲಸಿ ತುಂಬಿ, ಒಂದೆರಡು ದಿನ ಒದ್ದೆ ಬಟ್ಟೆ ಮುಚ್ಚಿಡಿ. ಬಣ್ಣ ಪೂರ್ತಿ ಹೊಂದುವುದಿಲ್ಲ, ಇರಲಿ, ಅದು ಮನೆಯ ವಯಸ್ಸು. ಪೂರ್ತಿ ಒಣಗಿದ ಮೇಲೆ ಹತ್ತಿ ಬಟ್ಟೆಯಲ್ಲಿ ಮೇಣದ ಪಾಲಿಶ್ ತೆಳುವಾಗಿ ಹಚ್ಚಿ ಚೆನ್ನಾಗಿ ತಿಕ್ಕಿ. ಕೊಬ್ಬರಿ ಎಣ್ಣೆಯೂ ಆಗುತ್ತದೆ, ಆದರೆ ನಾಲ್ಕೇ ಹನಿ, ಒರೆಸಿ ತೆಗೆಯಲೇಬೇಕು. ಮನೆಯಲ್ಲಿ ವಯಸ್ಸಾದವರು ಜಾರಿ ಬಿದ್ದರೆ ಯಾವ ಹೊಳಪೂ ಬೇಡ ಅನ್ನಿಸುತ್ತದೆ. ಮೊದಲು ಮಂಚದ ಕೆಳಗೆ ಒಂದು ಮೂಲೆಯಲ್ಲಿ ಮಾಡಿ ನೋಡಿ.

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟಿನ ಮೆಟ್ಟಿಲು ಕತ್ತಲು, ಗೋಡೆ ಗಲೀಜು, ಮೂಲೆಗಳಲ್ಲಿ ಹಳೇ ಸೈಕಲ್, ಉಗುಳಿದ ಕಲೆ. ಸಂಘದಲ್ಲಿ ಹಣವಿಲ್ಲ.
— ಕುವೆಂಪುನಗರ, ಮೈಸೂರು

ಉತ್ತರ: ಸೈಕಲ್ ಮೊದಲು ತೆಗೆಸಿ. ಬೆಂಕಿ ಬಿದ್ದರೆ ಜನ ಇಳಿಯುವ ದಾರಿ ಅದು, ಗಿಡದ ಕುಂಡವೂ ಅಡ್ಡ ಬರಬಾರದು. ಪ್ರತಿ ತಿರುವಿಗೆ ಒಂದು ಒಳ್ಳೇ ಬಲ್ಬ್ ಹಾಕಿ, ಕತ್ತಲಿರುವ ಕಡೆಯೇ ಜನ ಉಗುಳುವುದು ಜಾಸ್ತಿ. ಗೋಡೆಯ ಕೆಳಗಿನ ನಾಲ್ಕು ಅಡಿಗೆ ಮಾತ್ರ ಗಾಢ ಬಣ್ಣದ ಎನಾಮಲ್ ಬಳಿಯಿರಿ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ. ಮೇಲೆ ಬಿಳಿ ಡಿಸ್ಟೆಂಪರ್ ಸಾಕು. ಪ್ರತಿ ಮಹಡಿಯ ಗೋಡೆ ಆ ಮಹಡಿಯ ಮನೆಗಳದ್ದು ಅಂತ ಹಂಚಿಬಿಡಿ. ಒಂದು ಮಹಡಿಯವರು ಮಕ್ಕಳ ಚಿತ್ರ ಹಾಕಲಿ, ಇನ್ನೊಂದರವರು ರಂಗೋಲಿ ಎಳೆ ಬರೆಯಲಿ. ತಮ್ಮ ಕೈಯಾರೆ ಬಳಿದ ಗೋಡೆಯನ್ನು ಜನ ಕಾಯುತ್ತಾರೆ.

ಪ್ರಶ್ನೆ: ಅಪ್ಪನ ತೇಗದ ಆರಾಮ ಕುರ್ಚಿ, ಬೆತ್ತ ಹರಿದಿದೆ. ಗುಜರಿಗೆ ಹಾಕಲು ಮನಸ್ಸಿಲ್ಲ.
— ನಂಜನಗೂಡು

ಉತ್ತರ: ಹಾಕಬೇಡಿ. ಬೆತ್ತ ಹೆಣೆಯುವವರು ಈಗಲೂ ಇದ್ದಾರೆ, ಹಳೇ ಪೀಠೋಪಕರಣದ ಅಂಗಡಿಯಲ್ಲಿ ವಿಚಾರಿಸಿ. ದುಡ್ಡು ಅವರಿಗೆ ಕೊಡಿ, ಪಾಲಿಶ್ ನೀವೇ ಮಾಡಿ. ಅರಗಿನ ಹಪ್ಪಳವನ್ನು (ತೆಳು ಚೂರುಗಳಾಗಿ ಸಿಗುವ ಅರಗು, ಶೆಲ್ಯಾಕ್) ಪಾಲಿಶ್ ಸ್ಪಿರಿಟ್‌ನಲ್ಲಿ ರಾತ್ರಿ ನೆನೆಹಾಕಿ, ಸೋಸಿ, ಹತ್ತಿ ಉಂಡೆಯನ್ನು ಬಟ್ಟೆಯಲ್ಲಿ ಸುತ್ತಿ ಅದ್ದಿ ತೆಳುವಾಗಿ ಹತ್ತಾರು ಸಲ ಎಳೆಯಿರಿ. ಹತ್ತಿರ ಬೆಂಕಿ ಬೇಡ, ಕಿಟಕಿ ತೆರೆದಿರಲಿ. ಅರಗಿಗೂ ನಮ್ಮ ಮೈಸೂರಿಗೂ ಹಳೇ ನಂಟು. ಚುನಾವಣೆಯಲ್ಲಿ ಬೆರಳಿಗೆ ಹಚ್ಚುವ ಶಾಯಿ ಮಾಡುವ ಬನ್ನಿಮಂಟಪದ ಕಾರ್ಖಾನೆ 1937ರಲ್ಲಿ ಶುರುವಾದಾಗ ಅದರ ಹೆಸರಿನಲ್ಲೇ ಅರಗು ಇತ್ತು: ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್.

ಪ್ರಶ್ನೆ: ತಂಗಿಯ ಮದುವೆ ಮನೆ ಮುಂದೆಯೇ ಮಾಡುತ್ತಿದ್ದೇವೆ. ಡೆಕೋರೇಷನ್‌ನವರು ಹೇಳುವ ರೇಟು ನಮ್ಮ ಕೈಗೆ ಎಟುಕುವುದಿಲ್ಲ. ಥರ್ಮಾಕೋಲ್ ತಂದು ನಾವೇ ಮಾಡೋಣ ಅಂತಿದ್ದೇವೆ.
— ಪಾಂಡವಪುರ ತಾಲ್ಲೂಕು

ಉತ್ತರ: ನೀವೇ ಮಾಡಿ, ಆದರೆ ಥರ್ಮಾಕೋಲ್ ಬೇಡ. ಅಲಂಕಾರದ ಥರ್ಮಾಕೋಲ್ ಮೇಲೆ ನಮ್ಮ ರಾಜ್ಯದಲ್ಲಿ 2016ರಿಂದ, ಇಡೀ ದೇಶದಲ್ಲಿ 2022ರ ಜುಲೈ 1ರಿಂದ ನಿಷೇಧ ಇದೆ. ಅದೂ ಅಲ್ಲದೆ ಸಕ್ಕರೆ ನಾಡಿನಲ್ಲಿ ಕೂತು ಥರ್ಮಾಕೋಲ್ ಯಾಕಪ್ಪಾ? ಕಬ್ಬು ನಿಮ್ಮ ಹೊಲದಲ್ಲಿದೆ, ಇಲ್ಲದಿದ್ದರೆ ಪಕ್ಕದ ಹೊಲದಲ್ಲಿದೆ.

ಚಪ್ಪರಕ್ಕೆ ತೆಂಗಿನ ಗರಿ ಹೆಣೆಯಲು ಊರಿನ ಹಿರಿಯರನ್ನು ಕರೆಯಿರಿ, ಎರಡು ದಿನ ಮುಂಚೆಯೇ ಶುರುಮಾಡಿ. ಬಾಗಿಲಿಗೆ ಎರಡೂ ಕಡೆ ಬಾಳೆ ಕಂದು, ಒಳಗಿನ ಕಂಬಗಳಿಗೆ ಎಲೆ ಸಮೇತ ಕಬ್ಬಿನ ಜಲ್ಲೆ. ಕಬ್ಬನ್ನು ಹಿಂದಿನ ಸಂಜೆ ಕಡಿದರೆ ಮುಹೂರ್ತದವರೆಗೆ ಹಸಿರು. ಮಾವಿನ ತೋರಣಕ್ಕೆ ಪ್ಲಾಸ್ಟಿಕ್ ದಾರ, ಪಿನ್ನು ಬೇಡ, ಎಲೆ ಮಡಿಸಿ ತೆಂಗಿನ ಕಡ್ಡಿ ಚುಚ್ಚಿದರೆ ಗಟ್ಟಿ. ಚೆಂಡು ಹೂವನ್ನು ಕಟ್ಟಿದ ಹಾರವಾಗಿ ತರದೆ ಕೆಜಿ ಲೆಕ್ಕದಲ್ಲಿ ಬಿಡಿ ಹೂವು ತಂದು ಹಿಂದಿನ ರಾತ್ರಿ ಮನೆಯವರೆಲ್ಲ ಕೂತು ಪೋಣಿಸಿ. ಆ ರಾತ್ರಿಯ ಮಾತು, ಹಾಡು ಇದೆಯಲ್ಲ, ಅದನ್ನು ಯಾವ ಡೆಕೋರೇಷನ್‌ನವರೂ ಕೊಡಲಾರರು.

ಮಂಟಪದ ಹಿಂದಿನ ಪರದೆಗೆ ಸೀರೆ. 12 ಅಡಿ ಅಗಲ ಇದ್ದರೆ ಹೀಗೆ ಲೆಕ್ಕ ಹಾಕಿ: ಸೀರೆಯ ಅಗಲ ಸುಮಾರು 45 ಇಂಚು, ನೆರಿಗೆ ಬರಬೇಕಾದರೆ ಎಂಟು ಸೀರೆ ಬೇಕು. ಉದ್ದ ಸುಮಾರು 18 ಅಡಿ, ಹಾಗಾಗಿ ಒಂಬತ್ತು ಅಡಿ ಎತ್ತರದಲ್ಲಿ ಹಗ್ಗ ಕಟ್ಟಿ ಮಡಿಸಿ ಹಾಕಿದರೆ ಎರಡೂ ತುದಿ ನೆಲ ಮುಟ್ಟುತ್ತದೆ. ಎಲ್ಲವೂ ಒಂದೇ ಬಣ್ಣದ ಮನೆತನದವು ಇರಲಿ, ಅಮ್ಮ, ಅತ್ತೆ, ದೊಡ್ಡಮ್ಮಂದಿರ ಪೆಟ್ಟಿಗೆಯಲ್ಲಿ ಅರಿಶಿನ, ಕೆಂಪು, ಕೇಸರಿ ಹುಡುಕಿ. ಪಿನ್ನು ಚುಚ್ಚಬೇಡಿ, ಬಟ್ಟೆ ಒಣಗಿಸುವ ಕ್ಲಿಪ್ಪು ಸಾಕು. ಸೀರಿಯಲ್ ಸೆಟ್ಟಿನ ವೈರು ಗರಿಗೆ, ಸೀರೆಗೆ ತಾಗದ ಹಾಗೆ ಕಂಬದ ಮೇಲೆ ಮಾತ್ರ ಎಳೆಯಿರಿ, ಜೋಡಿಸಿದ ಕಡೆಯೆಲ್ಲ ಇನ್ಸುಲೇಷನ್ ಟೇಪ್ ಸುತ್ತಿ. ಕರೆಂಟನ್ನು ಮನೆ ಮೀಟರಿನಿಂದಲೇ ತೆಗೆದುಕೊಳ್ಳಿ, ಕಂಬಕ್ಕೆ ಕೊಕ್ಕೆ ಹಾಕುವ ಕೆಲಸ ಯಾರೂ ಮಾಡದ ಹಾಗೆ ನೋಡಿಕೊಳ್ಳಿ.

ಮದುವೆ ಮುಗಿದ ಮಾರನೇ ದಿನ ಕಬ್ಬು ಊರ ಮಕ್ಕಳಿಗೆ, ಸೋಗೆ ಮತ್ತು ಬಾಳೆ ಕಂದು ದನಗಳಿಗೆ, ಒಣಗಿದ ಗರಿ ಬಚ್ಚಲ ಒಲೆಗೆ. ಸೀರೆ ಒಗೆದು ಮಡಿಸಿ ಅವರವರ ಪೆಟ್ಟಿಗೆಗೆ ವಾಪಸ್.